ಕೋಡಿಹಳ್ಳಿಯ ಕಾಡುಬೆಕ್ಕಿನ ಜಾಡು

ನಮ್ಮ ನಾಡಿನಲ್ಲಿ ಮೃಗಗಳಿಗೂ ಇತಿಹಾಸವುಂಟು. ಹುಲಿಯೊಡನೆ ಹೋರಾಡಿ ಮಡಿದವರಿಗೆ ನಮ್ಮ ಹಿರಿಯರು ವೀರಗಲ್ಲು ನಿಲ್ಲಿಸಿದರು. ಕ್ರಿ.ಶ. 949-50ರ ಕಾಲದ, ಮದ್ದೂರು ತಾಲ್ಲೂಕಿನ ಆತಕೂರು ಶಾಸನವಂತೂ ಕಾಡುಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಯ ಹೆಸರನ್ನೇ ನಮಗೆ ಉಳಿಸಿಕೊಟ್ಟಿದೆ. ಆದರೆ ಹೊಲದಂಚಿನ ಕುರುಚಲಿನಲ್ಲಿ ಇಲಿ ಹಿಡಿದು ಬದುಕುವ ಕಾಡುಬೆಕ್ಕಿಗೆ ಯಾರು ಕಲ್ಲು ನೆಟ್ಟಾರು? ಅದು ತನ್ನ ಶಾಸನವನ್ನು ತಾನೇ ಕೆಸರಿನಲ್ಲಿ ಬರೆದು ಹೋಗುತ್ತದೆ. ಆ ಲಿಪಿಯನ್ನು ಓದುವ ವಿದ್ಯೆಯ ಕಥೆಯೂ ಇತಿಹಾಸವೇ.

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಈ ವಿದ್ಯೆಗೆ ಒಳ್ಳೆಯ ಪಾಠಶಾಲೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ವಲಯಗಳಲ್ಲಿ ಕೋಡಿಹಳ್ಳಿಯೂ ಒಂದು. ದಕ್ಷಿಣಕ್ಕೆ ಹೋದರೆ ಕಾವೇರಿ ಕಣಿವೆಯ ಕಾಡು. ಕೆರೆಯ ಹೆಚ್ಚುನೀರು ಹೊರಗೆ ಹರಿಯುವ ಎಡೆಗೆ ಕೋಡಿ ಎನ್ನುತ್ತೇವೆ. ಅಂಥ ಎಡೆಯ ನುಣ್ಣನೆಯ ಮಣ್ಣಿನಲ್ಲಿ ರಾತ್ರಿ ನೀರಿಗೆ ಬಂದವರ ಹೆಜ್ಜೆ ಬೆಳಗಿನವರೆಗೆ ಮಾಸದೆ ಇರುತ್ತದೆ. ಈ ಸೀಮೆಯ ಇರುಳಿಗರೂ ಕುರಿಗಾಹಿಗಳೂ ಅಕ್ಷರ ಕಲಿಯುವ ಮೊದಲೇ ಇದನ್ನು ಓದಬಲ್ಲವರಾಗಿದ್ದರು.

ಓದುವ ಕ್ರಮ ಕಠಿನವೇನಲ್ಲ. ಬೆಕ್ಕಿನ ಕುಲದ ಮೃಗ ನಡೆಯುವಾಗ ಉಗುರುಗಳನ್ನು ಒರೆಯೊಳಗಿನ ಕತ್ತಿಯಂತೆ ಒಳಗಿಟ್ಟುಕೊಳ್ಳುತ್ತದೆ. ಆದುದರಿಂದ ಹೆಜ್ಜೆಯಲ್ಲಿ ನಾಲ್ಕು ಬೆರಳೂ ಅಂಗಾಲಿನ ದಿಂಡೂ ಮೂಡುತ್ತವೆ, ಉಗುರು ಮೂಡುವುದಿಲ್ಲ. ಉಗುರಿನ ಗುರುತಿದ್ದರೆ ನಾಯಿಯೋ ನರಿಯೋ ಇರಬೇಕು. ಐದು ಬೆರಳು ಕಂಡರೆ ಅದು ಪುನುಗು ಇರಬಹುದು. ಇನ್ನು ಅಳತೆ. ಬೆಳೆದ ಚಿರತೆಯ ಹೆಜ್ಜೆ ಮೂರು ಅಂಗುಲ ದಾಟುವುದುಂಟು. ಕಾಡುಬೆಕ್ಕಿನದು ಸುಮಾರು ಎರಡು ಅಂಗುಲ. ಊರಬೆಕ್ಕಿನದು ಅದಕ್ಕಿಂತ ಚಿಕ್ಕದು. ಹತ್ತಿರ ಬಿದ್ದ ಹಿಕ್ಕೆಯಲ್ಲಿ ಇಲಿಯ ಕೂದಲೂ ಮೂಳೆಯೂ ಇದ್ದರೆ ಸಾಕ್ಷಿ ಬಲವಾಯಿತು. ಹಣ್ಣಿನ ಬೀಜಗಳೇ ತುಂಬಿದ್ದರೆ ಮತ್ತೆ ಪುನುಗಿನ ಕಡೆಗೇ ನೋಡಬೇಕು.

ಕನ್ನಡದ ಮೇಷ್ಟರಾದ ನನಗೆ ಹೆಜ್ಜೆಗಿಂತ ಹೆಸರೇ ಹೆಚ್ಚು ತೊಡಕೆನಿಸಿದೆ. ಪುನುಗುಬೆಕ್ಕು ಹೆಸರಿಗೆ ಬೆಕ್ಕು, ಕುಲದಿಂದ ಬೆಕ್ಕಲ್ಲ. ಕಿರುಬನೆಂದರೆ ಒಬ್ಬರಿಗೆ ಚಿರತೆ, ಇನ್ನೊಬ್ಬರಿಗೆ ಕತ್ತೆಕಿರುಬ. ನಮ್ಮ ಕಾಡುಬೆಕ್ಕಿಗೆ ವಿಜ್ಞಾನದ ವಿವರಣೆ ಸಿಕ್ಕಿದ್ದು ದೂರದ ಕಾಕಸಸ್ ಸೀಮೆಯಲ್ಲಿ; ಟೆರೆಕ್ ನದಿಯ ಬಳಿ ದೊರೆತ ಪ್ರಾಣಿಯನ್ನು ನೋಡಿ 1776ರಲ್ಲಿ ಗೂಲ್ಡೆನ್‌ಸ್ಟೆಟ್ ಎಂಬ ವಿದ್ವಾಂಸ ಅದನ್ನು ವರ್ಣಿಸಿದ. ಮೈ ಬೂದುಹಳದಿ, ಬಾಲ ಗಿಡ್ಡ, ಕಿವಿಯ ತುದಿಯಲ್ಲಿ ಚಿಕ್ಕ ಕೂದಲ ಕುಚ್ಚು. ಅಮೆರಿಕದ ಬಾಬ್‌ಕ್ಯಾಟ್ ಎಂಬ ಮೊಂಡುಬಾಲದ ಬೆಕ್ಕನ್ನು ಬಲ್ಲವರು ಇದನ್ನು ಕಂಡರೆ ದೂರದ ನೆಂಟನೆಂದಾರು.

ಹೆಜ್ಜೆಯ ವಿದ್ಯೆಗೆ ಸರ್ಕಾರದ ಮನ್ನಣೆಯೂ ದೊರೆಯಿತು. 1972ರಲ್ಲಿ ದೇಶದ ಹುಲಿಗಳನ್ನು ಹೆಜ್ಜೆ ನೋಡಿಯೇ ಎಣಿಸಿದರು. 1,827 ಎಂಬ ಲೆಕ್ಕ ಬಂದಿತು. ಒಂದೊಂದು ಹುಲಿಯನ್ನೂ ಅದರ ಹೆಜ್ಜೆಯಿಂದ ಬೇರೆ ಬೇರೆ ಗುರುತಿಸಬಹುದೆಂಬುದು ಆ ಕ್ರಮದ ನಂಬಿಕೆ. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳೇ ಇಲ್ಲವೆಂದು 2005ರಲ್ಲಿ ಬಯಲಾದಾಗ ಆ ನಂಬಿಕೆ ಕುಸಿಯಿತು. ಹೆಜ್ಜೆ ಕುಲವನ್ನು ಹೇಳುತ್ತದೆ, ವ್ಯಕ್ತಿಯನ್ನು ಹೇಳುವುದಿಲ್ಲ. ಅಷ್ಟರೊಳಗೆ ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲೇ ಕಾಡುದಾರಿಯಲ್ಲಿ ಕ್ಯಾಮರಾ ಇಟ್ಟು, ಮೈಮೇಲಿನ ಪಟ್ಟೆಗಳಿಂದ ಹುಲಿಗಳನ್ನು ಗುರುತಿಸುವ ದಾರಿ ತೋರಿಸಿದ್ದರು. ಚಿರತೆಗೂ ಅದೇ ಕ್ರಮ ಒಗ್ಗಿತು. ಒಂದರ ಚುಕ್ಕೆ ಇನ್ನೊಂದರಂತಿಲ್ಲ. ಆದರೆ ಬೆಳೆದ ಕಾಡುಬೆಕ್ಕಿನ ಮೈಮೇಲೆ ಪಟ್ಟೆಯೂ ಇಲ್ಲ, ಚುಕ್ಕೆಯೂ ಇಲ್ಲ. ಕ್ಯಾಮರಾದ ಮುಂದೆ ಹತ್ತು ಸಲ ಹಾದುಹೋದದ್ದು ಒಂದೇ ಬೆಕ್ಕೋ ಹತ್ತು ಬೆಕ್ಕೋ ಹೇಳುವುದು ಕಷ್ಟ. ಹೀಗಾಗಿ ಕಲ್ಲಿನಲ್ಲಿ ಸೇರದ ಈ ಪ್ರಾಣಿ ಲೆಕ್ಕದಲ್ಲಿಯೂ ಸುಲಭವಾಗಿ ಸೇರುವುದಿಲ್ಲ.

ಇದರಿಂದ ನಷ್ಟವೇನೆಂದು ವಾಚಕರು ಕೇಳಬಹುದು. ಕಾಡುಬೆಕ್ಕಿಗೆ ದಟ್ಟಡವಿ ಬೇಡ. ಜೊಂಡು, ಬೇಲಿ, ಬೀಳು, ಕುರುಚಲು ಇವೇ ಅದರ ರಾಜ್ಯ. ಕಂದಾಯದ ಕಡತದಲ್ಲಿ ಇಂಥ ನೆಲಕ್ಕೆ ಖರಾಬು ಎಂದು ಹೆಸರು. ಖರಾಬೆಂದರೆ ಕೆಟ್ಟದ್ದು. ಕೆಟ್ಟದ್ದೆಂದು ಒಮ್ಮೆ ಬರೆದ ಮೇಲೆ ಅದನ್ನು ಅಗೆಯಲು, ಬೇಲಿ ಸುತ್ತಿಸಲು, ಬಡಾವಣೆ ಮಾಡಲು ಯಾರ ಮನಸ್ಸೂ ಅಳುಕುವುದಿಲ್ಲ. ಇನ್ನೊಂದು ಅಪಾಯ ಅಜ್ಞಾನದ್ದು. ಕಾಡುಬೆಕ್ಕಿನ ಮರಿಗಳಿಗೆ ಎಳವೆಯಲ್ಲಿ ಪಟ್ಟೆಗಳಿರುತ್ತವೆ. ಕಬ್ಬಿನ ಗದ್ದೆಯಲ್ಲಿ ಕಂಡವರು ಚಿರತೆಮರಿಯೆಂದು ಗುಲ್ಲೆಬ್ಬಿಸಿ ಎತ್ತಿಕೊಂಡು ಬರುತ್ತಾರೆ. ತಾಯಿ ರಾತ್ರಿ ಬಂದು ಬರಿಯ ಗೂಡನ್ನು ಮೂಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದಕ್ಕೂ ರಕ್ಷಣೆ ಕೊಟ್ಟಿದೆ. ಆದರೆ ಗುರುತು ಸಿಗದ ಪ್ರಾಣಿಯನ್ನು ಕಾಯ್ದೆ ಎಷ್ಟೆಂದು ಕಾಪಾಡೀತು?

ಸರಿಸ್ಕಾದಲ್ಲಿ ನಡೆದ ಅಧ್ಯಯನವೊಂದರ ಪ್ರಕಾರ ಒಂದು ಕಾಡುಬೆಕ್ಕು ದಿನಕ್ಕೆ 3ರಿಂದ 5 ಇಲಿಗಳನ್ನು ತಿನ್ನುತ್ತದೆ. ಕೋಡಿಹಳ್ಳಿಯ ರಾಗಿಯ ಕಣಕ್ಕೆ ಸಂಬಳವಿಲ್ಲದ ಕಾವಲುಗಾರ ಇದಕ್ಕಿಂತ ಬೇರೆ ಬೇಕೆ? ಹಳೆಯ ಶಾಸನಗಳನ್ನು ಓದಲು ನಮ್ಮಲ್ಲಿ ಪಂಡಿತರಿದ್ದಾರೆ. ಕೋಡಿಯ ಕೆಸರನ್ನು ಓದಬಲ್ಲ ಮುದುಕರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಅವರಿರುವಾಗಲೇ ನಮ್ಮ ಮಕ್ಕಳು ಅವರ ಬಳಿ ಈ ಅಕ್ಷರಾಭ್ಯಾಸ ಮಾಡುವುದು ಒಳ್ಳೆಯದು.