ದೃಗ್ಗಣಿತ ಪಂಚಾಂಗ: ಲೆಕ್ಕವನ್ನು ಆಕಾಶದೊಡನೆ ತಾಳೆ ನೋಡಿದ ಇತಿಹಾಸ

ಬರುವ ವರ್ಷದಲ್ಲಿ ಆಕಾಶದಲ್ಲಿ ಏನೇನು ನಡೆಯಲಿದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ ಬರೆದಿಡುವ ಪುಸ್ತಕ ಪಂಚಾಂಗ. ಅಮಾವಾಸ್ಯೆ, ಹುಣ್ಣಿಮೆ, ಗ್ರಹಣ, ಸಂಕ್ರಮಣ, ಗುರು ಶುಕ್ರರ ಮೌಢ್ಯ (ಅಸ್ತ), ಗ್ರಹಗಳ ವಕ್ರಗತಿ ಎಲ್ಲವೂ ಅದರಲ್ಲಿರುತ್ತವೆ. ಲೆಕ್ಕದಲ್ಲಿ ಬಂದ ಜಾಗದಲ್ಲೇ ಗ್ರಹ ಕಣ್ಣಿಗೆ ಕಾಣಬೇಕು, ಕಾಣದಿದ್ದರೆ ಲೆಕ್ಕವನ್ನೇ ತಿದ್ದಬೇಕು ಎಂಬ ನಿಯಮಕ್ಕೆ ಒಳಪಟ್ಟ ಪಂಚಾಂಗಕ್ಕೆ ದೃಗ್ಗಣಿತ ಪಂಚಾಂಗ ಎಂದು ಹೆಸರು. ಸೂರ್ಯಸಿದ್ಧಾಂತ, ಆರ್ಯಭಟೀಯ ಮೊದಲಾದ ಹಳೆಯ ಗ್ರಂಥಗಳ ಅಂಕಿಗಳನ್ನು ಹಾಗೆಯೇ ಉಳಿಸಿಕೊಂಡ ಪಂಚಾಂಗಗಳು ಇನ್ನೊಂದು ಕಡೆ, ಸಿದ್ಧಾಂತ ಪಕ್ಷದಲ್ಲಿ, ನಿಲ್ಲುತ್ತವೆ.

ಈ ವಿಷಯವಾಗಿ ಈವರೆಗೆ ಬಂದ ಬರಹಗಳಲ್ಲಿ ಎರಡು ಗೊಂದಲಗಳು ಮತ್ತೆ ಮತ್ತೆ ಕಾಣುತ್ತವೆ. ದೃಗ್ಗಣಿತ ಎಂಬುದು ಬ್ರಿಟಿಷರ ಕಾಲದಲ್ಲಿ ಯುರೋಪಿನಿಂದ ಬಂದ ಪದ್ಧತಿ ಎನ್ನುವುದು ಒಂದು. ದೃಕ್ ಪಕ್ಷ ಮತ್ತು ಸಿದ್ಧಾಂತ ಪಕ್ಷಗಳ ಜಗಳವನ್ನೂ ಅಯನಾಂಶದ ಜಗಳವನ್ನೂ ಒಂದೇ ಎಂದು ಕಲಸಿಬಿಡುವುದು ಇನ್ನೊಂದು. ಇವೆರಡೂ ಬೇರೆ ಬೇರೆ ಜಗಳಗಳು. ಮೊದಲನೆಯದು ಚಂದ್ರ ಮತ್ತು ಗ್ರಹಗಳ ಚಲನೆಗೆ ಸಂಬಂಧಿಸಿದ್ದು, ಎರಡನೆಯದು ಆಕಾಶವನ್ನು ಅಳೆಯಲು ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ.

ಕ್ರಿ.ಶ. ಐದು, ಆರನೆಯ ಶತಮಾನಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. 499ರ ಸುಮಾರಿನ ಆರ್ಯಭಟೀಯ, ವರಾಹಮಿಹಿರನ ಪಂಚಸಿದ್ಧಾಂತಿಕಾ, ಮುಂದೆ ಬ್ರಹ್ಮಗುಪ್ತ, ಭಾಸ್ಕರಾಚಾರ್ಯರು. ಆದರೆ ಪಂಚಾಂಗ ಬರೆಯುವವನ ಮನೆಯಲ್ಲಿ ಈ ಮಹಾಗ್ರಂಥಗಳಿಗಿಂತ ಹೆಚ್ಚು ಕೈಯಾಡುತ್ತಿದ್ದದ್ದು ಕರಣಗ್ರಂಥಗಳು. ಕಲಿಯುಗದ ಮೊದಲಿನಿಂದ ದಿನ ಎಣಿಸುವ ಕಷ್ಟವನ್ನು ತಪ್ಪಿಸಿ, ಹತ್ತಿರದ ಒಂದು ಶಕವರ್ಷದಿಂದ ಲೆಕ್ಕ ಶುರು ಮಾಡಿಕೊಡುವ ಕೈಪಿಡಿಗಳು ಇವು. ಹೊಸ ಕರಣಗ್ರಂಥ ಬರೆಯುವಾಗಲೆಲ್ಲ ಹಳೆಯ ಅಂಕಿಗಳನ್ನು ಆಕಾಶದೊಡನೆ ಹೋಲಿಸಿ ತಿದ್ದಲು ಅವಕಾಶ ಸಿಗುತ್ತಿತ್ತು. ದೃಗ್ಗಣಿತದ ನಿಜವಾದ ಇತಿಹಾಸ ಇರುವುದು ಈ ತಿದ್ದುಪಡಿಗಳಲ್ಲಿ.

ಕೇರಳದಲ್ಲಿ 683ರಿಂದ ಹರಿದತ್ತನ ಪರಹಿತ ಪದ್ಧತಿ ನಡೆಯುತ್ತಿತ್ತು. ಏಳು ಶತಮಾನ ಕಳೆಯುವ ಹೊತ್ತಿಗೆ ಅದರ ಲೆಕ್ಕಕ್ಕೂ ಕಾಣುವ ಆಕಾಶಕ್ಕೂ ಅಂತರ ಬೆಳೆದಿತ್ತು. ವಟಶ್ಶೇರಿಯ ಪರಮೇಶ್ವರ ಗ್ರಹಣಗಳನ್ನು ಒಂದೊಂದಾಗಿ ನೋಡಿ ದಾಖಲಿಸಿ, 1431ರಲ್ಲಿ ದೃಗ್ಗಣಿತ ಎಂಬ ಹೆಸರಿನ ಗ್ರಂಥವನ್ನೇ ಬರೆದ. ಅವನು 55 ವರ್ಷ ಆಕಾಶವನ್ನು ಪರೀಕ್ಷಿಸಿದ್ದನೆಂದು ಅದೇ ಪರಂಪರೆಯ ನೀಲಕಂಠ ಸೋಮಯಾಜಿ ಬರೆದಿಟ್ಟಿದ್ದಾನೆ. ಕೊಂಕಣದ ನಂದಿಗ್ರಾಮದಲ್ಲಿ ಕೇಶವ ದೈವಜ್ಞ, ಯಾವ ಗ್ರಹ ಯಾವ ಸಿದ್ಧಾಂತದಿಂದ ಎಷ್ಟು ದೂರ ಸರಿದಿದೆ ಎಂದು ಗುರುತು ಹಾಕಿಕೊಂಡ. ಅವನ ಮಗ ಗಣೇಶ ದೈವಜ್ಞ ಆ ಗುರುತುಗಳನ್ನು ಆಧಾರವಾಗಿಟ್ಟುಕೊಂಡು 1520ರಲ್ಲಿ ಗ್ರಹಲಾಘವ ರಚಿಸಿದ. ಜ್ಯಾ (ಸೈನ್) ಕೋಷ್ಟಕಗಳ ಗೊಡವೆಯೇ ಇಲ್ಲದೆ, ಬರೀ ಗುಣಾಕಾರ ಭಾಗಾಕಾರದಲ್ಲಿ ಗ್ರಹಸ್ಥಾನ ತೆಗೆದುಕೊಡುವ ಈ ಗ್ರಂಥ ಮಹಾರಾಷ್ಟ್ರ, ಗುಜರಾತುಗಳಲ್ಲೂ ಉತ್ತರ ಕರ್ನಾಟಕದಲ್ಲೂ ಶತಮಾನಗಳ ಕಾಲ ಬಳಕೆಯಲ್ಲಿತ್ತು. ಯುರೋಪಿನ ದೂರದರ್ಶಕ ಹುಟ್ಟುವುದಕ್ಕೆ ಇನ್ನೂ ಎಂಬತ್ತಕ್ಕೂ ಹೆಚ್ಚು ವರ್ಷ ಬಾಕಿಯಿತ್ತು.

ಕನ್ನಡದ ಮಟ್ಟಿಗೆ ಈಚೆಗೆ ಬೆಳಕಿಗೆ ಬಂದ ದಾಖಲೆ ಇನ್ನೂ ಮುಖ್ಯವಾದದ್ದು. ಶೃಂಗೇರಿಯ ಶಂಕರನಾರಾಯಣ ಜೋಯಿಸರು 1604ರಲ್ಲಿ ಬರೆದ ಗಣಿತಗನ್ನಡಿ, ವಿದ್ದಣಾಚಾರ್ಯನ ವಾರ್ಷಿಕತಂತ್ರಕ್ಕೆ ಕನ್ನಡದಲ್ಲಿ ಬರೆದ ವ್ಯಾಖ್ಯಾನ. ಭಾಷೆ ಕನ್ನಡ, ಲಿಪಿ ನಂದಿನಾಗರಿ. ಓದುವವರು ಸಿಗದೆ ಓಲೆಯಲ್ಲೇ ಉಳಿದಿದ್ದ ಇದನ್ನು ಬಿ.ಎಸ್. ಶೈಲಜಾ ಮತ್ತು ಸೀತಾರಾಮ ಜಾವಗಲ್ ಅವರು ಓದಿ, ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ್ದಾರೆ. ಸಂಸ್ಕೃತದ ಸೂತ್ರಕ್ಕೆ ಕನ್ನಡದಲ್ಲಿ ಲೆಕ್ಕದ ಹಂತಗಳನ್ನು ಬಿಡಿಸಿ ಹೇಳುವ ಇಂಥ ಗ್ರಂಥ ಸಿಕ್ಕಿದ ಮೇಲೆ, ಪಂಚಾಂಗದ ಗಣಿತ ಕನ್ನಡದಲ್ಲಿ ಇರಲೇ ಇಲ್ಲ ಎಂಬ ಹಳೆಯ ಮಾತು ನಿಲ್ಲುವುದಿಲ್ಲ.

ಹಾಗಾದರೆ ಹಳೆಯ ಲೆಕ್ಕ ಎಲ್ಲಿ ತಪ್ಪುತ್ತಿತ್ತು? ಹೊರಗಿನವರು ಕಂಡ ಸಾಕ್ಷ್ಯ ಮೊದಲ ನೋಟಕ್ಕೆ ವಿಚಿತ್ರವಾಗಿದೆ. ಶುಕ್ರಸಂಕ್ರಮಣ ನೋಡಲು ಬಂದು ಪುದುಚೇರಿಯಲ್ಲಿ ಉಳಿದಿದ್ದ ಫ್ರಾನ್ಸಿನ ಖಗೋಳಜ್ಞ ಲೆ ಜೆಂಟಿಲ್, 1765ರ ಆಗಸ್ಟ್ 30ರ ಚಂದ್ರಗ್ರಹಣವನ್ನು ಒಬ್ಬ ತಮಿಳು ಲೆಕ್ಕಿಗನಿಂದ ಲೆಕ್ಕ ಹಾಕಿಸಿದ. ಗ್ರಹಣದ ಅವಧಿಯಲ್ಲಿ ಬಂದ ತಪ್ಪು 41 ಸೆಕೆಂಡು ಮಾತ್ರ. ಅಂದಿನ ಯುರೋಪಿನ ಹೆಸರಾಂತ ಮೇಯರ್ ಕೋಷ್ಟಕ ತಪ್ಪಿದ್ದು 68 ಸೆಕೆಂಡು. 1825ರಲ್ಲಿ ಕಾಲಸಂಕಲಿತ ಎಂಬ ಗ್ರಂಥ ಬರೆದ ಜಾನ್ ವಾರೆನ್ ಕೂಡ ಒಬ್ಬ ತಮಿಳು ಲೆಕ್ಕಿಗ ಕೆಲಸ ಮಾಡುವುದನ್ನು ಹತ್ತಿರ ಕುಳಿತು ನೋಡಿದ್ದ. ಆತ ಬರೆಯುತ್ತಿರಲಿಲ್ಲ, ಕವಡೆಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು, ತೆಗೆದು, ಸರಿಸಿ, ಕೋಷ್ಟಕಗಳನ್ನು ಬಾಯಿಪಾಠದಿಂದಲೇ ಎತ್ತಿ ಹೇಳುತ್ತ ಗ್ರಹಣದ ಘಳಿಗೆಗಳನ್ನು ತೆಗೆದಿದ್ದ.

ಗ್ರಹಣ ಇಷ್ಟು ಸರಿಯಾಗಿ ಬರುತ್ತಿದ್ದಾಗ ತಿಥಿ ಏಕೆ ತಪ್ಪಬೇಕು? ಕಾರಣ ಚಂದ್ರನ ಚಲನೆಯಲ್ಲೇ ಇದೆ. ಚಂದ್ರ ಒಂದೇ ವೇಗದಲ್ಲಿ ಓಡುವುದಿಲ್ಲ. ಸರಾಸರಿ ಜಾಗದಿಂದ ಹಿಂದೆ ಮುಂದೆ ಆಗುತ್ತಿರುತ್ತಾನೆ. ಅದನ್ನು ಸರಿಪಡಿಸಲು ಹಳೆಯ ಗ್ರಂಥಗಳು ಕೊಡುವುದು ಮಂದಫಲ ಎಂಬ ಒಂದೇ ಸಂಸ್ಕಾರ, ಅದರ ಗರಿಷ್ಠ ಬೆಲೆ ಸುಮಾರು 5 ಅಂಶ. ನಿಜವಾಗಿ ಅದು ಸುಮಾರು 6.3 ಅಂಶ ಇರಬೇಕು. ಇದಲ್ಲದೆ ಸೂರ್ಯನ ಸೆಳೆತದಿಂದ ಹುಟ್ಟುವ ಸುಮಾರು 1.3 ಅಂಶದ ಇನ್ನೊಂದು ಏರಿಳಿತವಿದೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಈ ಎರಡನೆಯದು ಮೊದಲನೆಯದರಿಂದ ಕಳೆದುಹೋಗಿ 5 ಅಂಶವೇ ಉಳಿಯುತ್ತದೆ. ಗ್ರಹಣ ಆಗುವುದು ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಮಾತ್ರ. ಗ್ರಹಣವನ್ನೇ ಪರೀಕ್ಷೆಯಾಗಿ ಇಟ್ಟುಕೊಂಡ ಪ್ರಾಚೀನರಿಗೆ 5 ಅಂಶ ಸಾಕಾಗಿತ್ತು. ಆದರೆ ಅಷ್ಟಮಿಯ ಹೊತ್ತಿಗೆ ಎರಡೂ ಕೂಡಿಕೊಳ್ಳುತ್ತವೆ, ಸಂಸ್ಕಾರ ಸುಮಾರು 7.6 ಅಂಶದವರೆಗೆ ಏರುತ್ತದೆ. ಸುಮಾರು ಎರಡೂವರೆ ಅಂಶದ ಈ ಕೊರತೆ ತಿಥಿಯ ಲೆಕ್ಕದಲ್ಲಿ ಸುಮಾರು ಐದು ಗಂಟೆಗೆ ಸಮ. ಹುಣ್ಣಿಮೆಯಲ್ಲಿ ಎಲ್ಲ ಪಂಚಾಂಗಗಳೂ ಹತ್ತಿರ ಹತ್ತಿರ ಬಂದು, ಅಷ್ಟಮಿ, ಏಕಾದಶಿಗಳಲ್ಲಿ ದೂರ ಸರಿಯುವುದು ಇದರಿಂದ.

ಈ ಎರಡನೆಯ ಏರಿಳಿತವನ್ನು ಭಾರತದಲ್ಲಿ ಯಾರೂ ಕಂಡಿರಲಿಲ್ಲ ಎನ್ನುವುದೂ ತಪ್ಪು. 932ರ ಲಘುಮಾನಸದಲ್ಲಿ ಮುಂಜಾಲ ಅದಕ್ಕೊಂದು ಸಂಸ್ಕಾರ ಕೊಟ್ಟಿದ್ದಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಒಡಿಶಾದ ಖಂಡಪಡಾದ ಚಂದ್ರಶೇಖರ ಸಾಮಂತ, ಬಿದಿರು ಮರದಲ್ಲಿ ತಾವೇ ಮಾಡಿಕೊಂಡ ಉಪಕರಣಗಳಿಂದ ನೋಡಿ, ಚಂದ್ರನಿಗೆ ಬೇಕಾದ ಹೆಚ್ಚಿನ ಸಂಸ್ಕಾರಗಳನ್ನು ಕಂಡುಹಿಡಿದರು. ಅವರ ಸಿದ್ಧಾಂತದರ್ಪಣ 1899ರಲ್ಲಿ ಅಚ್ಚಾಯಿತು. ಆದರೆ ಮುಂಜಾಲನಂಥ ಹಿಂದಿನವರ ಸಂಸ್ಕಾರಗಳು ಪಂಚಾಂಗ ಬರೆಯುವವರ ದಿನಬಳಕೆಯ ಕೋಷ್ಟಕಗಳಿಗೆ ಇಳಿಯದೆ ಗ್ರಂಥದಲ್ಲೇ ಉಳಿದವು.

ದೃಗ್ಗಣಿತದ ಹೊಸ ತಿಥಿಗಳಿಗೆ ವಿರೋಧ ಬಂದದ್ದು ಧರ್ಮಶಾಸ್ತ್ರದ ಕಡೆಯಿಂದ. ತಿಥಿ ಹೆಚ್ಚೆಂದರೆ ಐದು ಘಳಿಗೆ ಬೆಳೆಯುತ್ತದೆ, ಆರು ಘಳಿಗೆ ಕುಗ್ಗುತ್ತದೆ ಎಂಬುದು ಹಳೆಯ ಮಂದಫಲಕ್ಕೆ ಹೊಂದಿಕೊಂಡ ಕಟ್ಟಳೆ. ದೃಗ್ಗಣಿತದಲ್ಲಿ ಬೆಳೆಯುವುದು ಏಳು ಘಳಿಗೆ, ಕುಗ್ಗುವುದು ಹತ್ತು ಘಳಿಗೆ. ಶ್ರಾದ್ಧ, ವ್ರತಗಳ ನಿರ್ಣಯಗ್ರಂಥಗಳು ಮೊದಲಿನ ಅಳತೆಯನ್ನು ನಂಬಿ ಬರೆದವು ಎಂಬುದು ಸಿದ್ಧಾಂತ ಪಕ್ಷದ ವಾದ. ಅದು ಹಟದಿಂದ ಬಂದ ವಾದವಲ್ಲ. ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಮುಂಚಿನ ಅರುಣೋದಯದಲ್ಲಿ ದಶಮಿಯ ವೇಧವಿದ್ದರೆ, ಅಂದರೆ ದಶಮಿ ಇನ್ನೂ ಉಳಿದಿದ್ದರೆ, ಅಂದಿನ ಏಕಾದಶಿಯನ್ನು ಬಿಡುವ ಮಾಧ್ವರ ಮನೆಯಲ್ಲಿ, ಐದು ಗಂಟೆಯ ವ್ಯತ್ಯಾಸವೆಂದರೆ ಉಪವಾಸದ ದಿನವೇ ಬದಲಾಗುತ್ತದೆ.

ಮದ್ರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು ಹತ್ತೊಂಬತ್ತನೆಯ ಶತಮಾನದ ದೃಗ್ಗಣಿತದ ದೊಡ್ಡ ಹೆಸರು. 1867ರಲ್ಲಿ ಬೆಳಕು ಬದಲಾಗುವ ಒಂದು ನಕ್ಷತ್ರವನ್ನು ಗುರುತಿಸಿದವರು, 1868ರ ಸಂಪೂರ್ಣ ಸೂರ್ಯಗ್ರಹಣವನ್ನು ವನಪರ್ತಿಯಿಂದ ನೋಡಿದವರು. ಹಗಲು ರಾತ್ರಿ ದೂರದರ್ಶಕದ ಜೊತೆಗಿದ್ದ ಅವರು ವರ್ಷವರ್ಷವೂ ದೃಗ್ಗಣಿತ ಪಂಚಾಂಗ ಹೊರಡಿಸಿದರು. 1874ರ ಡಿಸೆಂಬರ್ 9ರಂದು ಶುಕ್ರಗ್ರಹ ಸೂರ್ಯಬಿಂಬವನ್ನು ಹಾದುಹೋಗುವ ಮುನ್ನ ಅವರು ಬರೆದ ಪುಸ್ತಿಕೆ ತಮಿಳಿನ ಜೊತೆಗೆ ಕನ್ನಡದಲ್ಲೂ ಬಂತು. ಅದರಲ್ಲಿ ಒಬ್ಬ ಸಂಪ್ರದಾಯಸ್ಥ ಪಂಡಿತ ಪ್ರಶ್ನೆ ಹಾಕುತ್ತಾನೆ, ಸಿದ್ಧಾಂತಿ ಉತ್ತರಿಸುತ್ತಾನೆ. ಹೀಗೆ ಸಂಭಾಷಣೆಯಲ್ಲೇ ಖಗೋಳ ಬಿಡಿಸಿಕೊಳ್ಳುತ್ತದೆ. ಕನ್ನಡದ ವಿಜ್ಞಾನಸಾಹಿತ್ಯದ ಚರಿತ್ರೆಗಳು ಈ ಪುಸ್ತಿಕೆಗೆ ತಕ್ಕ ಸ್ಥಾನ ಕೊಟ್ಟಿಲ್ಲ.

ಪುಣೆಯ ಕಡೆ ಕೇರೋ ಲಕ್ಷ್ಮಣ ಛತ್ರೆಯವರು 1865ರಿಂದ ಪಟವರ್ಧನಿ ಪಂಚಾಂಗ ಶುರು ಮಾಡಿದರು. ಎರಡನೆಯ ಜಗಳ, ಅಂದರೆ ಅಯನಾಂಶದ್ದು, ಕಾವೇರಿದ್ದು ಇಲ್ಲಿ. ರಾಶಿಚಕ್ರದ ಆರಂಭಬಿಂದುವನ್ನು ಛತ್ರೆಯವರು ರೇವತಿಯ ಯೋಗತಾರೆಯ (ಗುರುತಿನ ನಕ್ಷತ್ರದ) ಬಳಿ ಇಟ್ಟರು. ಬಾಲಗಂಗಾಧರ ತಿಲಕರೂ ಅದೇ ಪಕ್ಷ. ಚಿತ್ತಾ ನಕ್ಷತ್ರದ ನೇರ ಎದುರಿಗೆ, 180 ಅಂಶ ಆಚೆ ಆರಂಭಬಿಂದು ಇರಬೇಕು ಎನ್ನುವುದು ಚಿತ್ರಾಪಕ್ಷ. ಸೂರ್ಯಸಿದ್ಧಾಂತ ಎರಡು ನಕ್ಷತ್ರಗಳಿಗೂ ಸ್ಥಾನ ಹೇಳಿದೆ, ಆದರೆ ಆಕಾಶದಲ್ಲಿ ಅವೆರಡೂ ಒಂದಕ್ಕೊಂದು ಹೊಂದುವುದಿಲ್ಲ. ಸುಮಾರು 4 ಅಂಶದ ಅಂತರ ಉಳಿಯುತ್ತದೆ. ಹಾಗಾಗಿ ರೇವತಿಪಕ್ಷದಲ್ಲಿ ಮಕರ ಸಂಕ್ರಮಣ ಜನವರಿ 10ರ ಹೊತ್ತಿಗೇ ಬರುತ್ತದೆ, ಕೆಲವು ವರ್ಷ ಅಧಿಕಮಾಸವೂ ಬದಲಾಗುತ್ತದೆ. ಎರಡೂ ಪಕ್ಷದವರು ದೃಗ್ಗಣಿತದವರೇ ಎಂಬುದನ್ನು ಗಮನಿಸಬೇಕು. ತಿಥಿಯಲ್ಲಿ ಅವರಿಗೆ ಜಗಳವಿಲ್ಲ. ಚಂದ್ರನಿಗೂ ಸೂರ್ಯನಿಗೂ ನಡುವಿನ ಅಂತರ ಎಲ್ಲಿಂದ ಅಳೆದರೂ ಒಂದೇ.

ಚಿತ್ರಾಪಕ್ಷಕ್ಕೆ ಗಣಿತದ ಬಲ ಕೊಟ್ಟವರು ನಮ್ಮ ನರಗುಂದದಲ್ಲಿ 1854ರಲ್ಲಿ ಹುಟ್ಟಿದ ವೆಂಕಟೇಶ ಬಾಪೂಜಿ ಕೇತ್ಕರ್. ಬಾಗಲಕೋಟೆಯಲ್ಲಿ ಶಾಲಾ ಮಾಸ್ತರರಾಗಿದ್ದು, ಮುಂದೆ ವಿಜಾಪುರದಲ್ಲಿ ನೆಲೆಸಿದರು. ಯುರೋಪಿನ ಹೊಸ ಗ್ರಹಕೋಷ್ಟಕಗಳನ್ನು ಅರಗಿಸಿಕೊಂಡು, ಪಂಚಾಂಗ ಬರೆಯುವವರಿಗೆ ಕೈಗೆಟಕುವಂತೆ ಸಂಸ್ಕೃತ ಶ್ಲೋಕ ಮತ್ತು ಸಾರಣಿಗಳಲ್ಲಿ ಹೊಂದಿಸಿದ ಅವರ ಜ್ಯೋತಿರ್ಗಣಿತಂ 1898ರಲ್ಲಿ ಅಚ್ಚಾಯಿತು. ಕೇತಕೀ ಗ್ರಹಗಣಿತ, ವೈಜಯಂತೀ ಆಮೇಲೆ ಬಂದವು. ಮಹಾನಗರದ ವೀಕ್ಷಣಾಲಯ ಬೆನ್ನಿಗಿಲ್ಲದೆ, ಬಿಸಿಲುನಾಡಿನ ಊರುಗಳಲ್ಲಿ ಕುಳಿತು ಮಾಡಿದ ಈ ಕೆಲಸ ಭಾರತದ ಪಂಚಾಂಗದ ದಿಕ್ಕನ್ನೇ ಬದಲಿಸಿತು. ಕನ್ನಡನಾಡಿನಲ್ಲೇ ಅವರ ಹೆಸರು ಅಪರಿಚಿತವಾಗಿ ಉಳಿದಿರುವುದು ನೋವಿನ ಸಂಗತಿ.

ಕೇತ್ಕರ್ ಪ್ಲೂಟೊವನ್ನು ಮೊದಲೇ ಹೇಳಿದ್ದರು ಎಂಬ ಮಾತು ಆಗಾಗ ಕೇಳಿಬರುತ್ತದೆ. ನಡೆದದ್ದು ಇಷ್ಟು: 1911ರಲ್ಲಿ ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯಲ್ಲಿ ಅವರು ನೆಪ್ಚೂನಿನ ಆಚೆ ಎರಡು ಗ್ರಹಗಳಿರಬಹುದೆಂದು ಬರೆದರು. ಅವಕ್ಕೆ ಬ್ರಹ್ಮ, ವಿಷ್ಣು ಎಂದು ಹೆಸರಿಟ್ಟರು. ಬ್ರಹ್ಮನಿಗೆ ಅವರು ಕೊಟ್ಟ ಪರಿಭ್ರಮಣ ಕಾಲ ಸುಮಾರು 242 ವರ್ಷ. 1930ರಲ್ಲಿ ಪತ್ತೆಯಾದ ಪ್ಲೂಟೊವಿನದು ಸುಮಾರು 248. ಅಂಕಿಗಳು ಹತ್ತಿರವಿದ್ದರೂ, ಗುರುವಿನ ಉಪಗ್ರಹಗಳ ಕಾಲಗಳ ನಡುವೆ ಇರುವಂಥ ಅನುಪಾತವನ್ನು ಗ್ರಹಗಳಿಗೆ ಹೊಂದಿಸಿ ಮಾಡಿದ ಊಹೆ ಅದು. ಪ್ಲೂಟೊ ಸಿಕ್ಕಿದ್ದು ಅಮೆರಿಕದ ಲೊವೆಲ್ ವೀಕ್ಷಣಾಲಯದ ಛಾಯಾಚಿತ್ರಗಳಲ್ಲಿ, ಈ ಲೆಕ್ಕದ ನೆರವಿಲ್ಲದೆ.

ಸ್ವಾತಂತ್ರ್ಯದ ನಂತರದ ಘಟ್ಟ ಚೆನ್ನಾಗಿ ದಾಖಲಾಗಿದೆ. ಮೇಘನಾದ ಸಹಾ ಅಧ್ಯಕ್ಷರಾಗಿ, ಎನ್.ಸಿ. ಲಾಹಿರಿ ಕಾರ್ಯದರ್ಶಿಯಾಗಿ 1952ರಲ್ಲಿ ರಚನೆಯಾದ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಒಪ್ಪಿಸಿತು. ದೇಶದಲ್ಲಿ ಆಗ ಮೂವತ್ತರಷ್ಟು ಪಂಚಾಂಗ ಪದ್ಧತಿಗಳಿದ್ದವು. ತಿಥಿಗೆ ದೃಗ್ಗಣಿತ, ನಕ್ಷತ್ರಕ್ಕೆ ಚಿತ್ರಾಪಕ್ಷದ ಅಯನಾಂಶ, ಲೆಕ್ಕಕ್ಕೆ 82½ ಅಂಶ ಪೂರ್ವ ರೇಖಾಂಶದ ಮಧ್ಯಸ್ಥಾನ ಎಂದು ಸಮಿತಿ ತೀರ್ಮಾನಿಸಿತು. ಶಕ 1879ರ ಚೈತ್ರ 1, ಅಂದರೆ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು; ಅದು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಹೊರಬಂದಿದೆ. ಅಯನಾಂಶಕ್ಕೆ ಈಗ ಲಾಹಿರಿಯವರ ಹೆಸರೇ ಅಂಟಿಕೊಂಡಿದೆ.

ಒಂದು ಪ್ರಶ್ನೆಯನ್ನು ಸಮಿತಿ ಪೂರ್ತಿ ಬಗೆಹರಿಸಲಿಲ್ಲ. ಸೂರ್ಯಸಿದ್ಧಾಂತದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 24 ನಿಮಿಷ ಉದ್ದ; ಆದ್ದರಿಂದ ಸಂಕ್ರಮಣ 60 ವರ್ಷಕ್ಕೆ ಒಂದು ದಿನದಂತೆ ಮುಂದಕ್ಕೆ ಸರಿಯುತ್ತದೆ. ನಕ್ಷತ್ರಗಳನ್ನು ಹಿಡಿದು ಸರಿಯಾಗಿ ಅಳೆದರೂ ಈ ಸರಿತ ನಿಲ್ಲದು, 70 ವರ್ಷಕ್ಕೊಂದು ದಿನದಷ್ಟು ನಿಧಾನವಾಗುತ್ತದೆ ಅಷ್ಟೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಸುಮಾರಿಗೆ. ಎಳ್ಳುಬೆಲ್ಲ ಬೀರುವುದು ಜನವರಿ 14 ಅಥವಾ 15ಕ್ಕೆ. ಸಮಿತಿ ಸರ್ಕಾರಿ ವರ್ಷವನ್ನು ಋತುಗಳಿಗೆ ಕಟ್ಟಿತು. ಹಬ್ಬಗಳ ವಿಷಯದಲ್ಲಿ ಅಯನಾಂಶವನ್ನು, ಅಂದರೆ ವಿಷುವಬಿಂದುವಿನಿಂದ ರಾಶಿಚಕ್ರದ ಆರಂಭಬಿಂದುವಿಗೆ ಇರುವ ಅಂತರವನ್ನು, 23 ಅಂಶ 15 ಕಲೆಗೆ ನಿಲ್ಲಿಸಿ, ಸರಿತ ಇನ್ನು ಮುಂದೆ ಬೆಳೆಯದಂತೆ ತಡೆಯಲು ಸೂಚಿಸಿತು. ಪಂಚಾಂಗಕರ್ತರು ಇದನ್ನು ಒಪ್ಪಲಿಲ್ಲ.

ಇಂದು ಕರ್ನಾಟಕದಲ್ಲಿ ಒಂಟಿಕೊಪ್ಪಲ್ ಪಂಚಾಂಗ, ಬಗ್ಗೋಣ ಪಂಚಾಂಗ, ಬೇರೆ ಬೇರೆ ಮಠಗಳ ಪಂಚಾಂಗಗಳು ತಮ್ಮ ತಮ್ಮ ಓದುಗರನ್ನು ಉಳಿಸಿಕೊಂಡಿವೆ. ಒಳನಾಡಿನಲ್ಲಿ ಚಾಂದ್ರಮಾನ, ತುಳುನಾಡಿನಲ್ಲಿ ಸೌರಮಾನ. ಮೊಬೈಲಿನ ಪಂಚಾಂಗಗಳು ಬಹುಪಾಲು ದೃಗ್ಗಣಿತವನ್ನೇ ಅನುಸರಿಸುತ್ತವೆ, ಊರು ಆರಿಸಿದರೆ ಆ ಊರಿನ ಸೂರ್ಯೋದಯಕ್ಕೆ ತಿಥಿ ತೋರಿಸುತ್ತವೆ. 1980ರ ಫೆಬ್ರವರಿ 16ರಂದು ಕಾರವಾರ, ಗದಗ, ರಾಯಚೂರುಗಳ ಮೇಲೆ ಹಾದುಹೋದ ಸಂಪೂರ್ಣ ಸೂರ್ಯಗ್ರಹಣದ ದಿನದ ಬಗ್ಗೆ ಯಾವ ಪಂಚಾಂಗಕ್ಕೂ ತಕರಾರು ಇರಲಿಲ್ಲ. ಕೃಷ್ಣಜನ್ಮಾಷ್ಟಮಿಯನ್ನು ಮಾತ್ರ ಹಲವು ವರ್ಷ ಎರಡು ದಿನ ಆಚರಿಸಲಾಗುತ್ತದೆ. ರೋಹಿಣಿ ನಕ್ಷತ್ರದ ನಿಯಮ, ಸೌರ ಚಾಂದ್ರ ಮಾಸಗಳ ಭೇದ ಅದಕ್ಕೆ ಕಾರಣವಾಗುವುದುಂಟು. ಚಂದ್ರನ ಎರಡು ಏರಿಳಿತಗಳು ಕೂಡಿಕೊಳ್ಳುವ ಅಷ್ಟಮಿಯೇ ಆ ಹಬ್ಬದ ತಿಥಿಯಾಗಿರುವುದೂ ಒಂದು ಕಾರಣ.