ಬೆಳಕಿನ ಕಡೆಯಿಂದ ಪಾಶ್ಚಾತ್ಯ ರಂಗಭೂಮಿ

ಪಾಶ್ಚಾತ್ಯ ರಂಗಭೂಮಿಯ ಚರಿತ್ರೆ ತಿಳಿಯಬೇಕೆಂದು ಹಂಬಲಿಸುವ ವಿದ್ಯಾರ್ಥಿಯ ಕೈಗೆ ಸಾಮಾನ್ಯವಾಗಿ ಸಿಗುವುದು ನಾಟಕಕಾರರ ಪಟ್ಟಿ: ಸೊಫೊಕ್ಲಿಸ್, ಶೇಕ್ಸ್‌ಪಿಯರ್, ಮೋಲಿಯೇರ್, ಇಬ್ಸೆನ್, ಬ್ರೆಕ್ಟ್. ಪಟ್ಟಿ ಸುಳ್ಳಲ್ಲ. ಆದರೆ ಒಬ್ಬರ ನಾಟಕ ಇನ್ನೊಬ್ಬರದಕ್ಕಿಂತ ಏಕಿಷ್ಟು ಬೇರೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆಟ ಯಾವ ಬೆಳಕಿನಲ್ಲಿ ನಡೆಯಿತು, ನೋಡುಗರು ಎಲ್ಲಿ ಕೂತಿದ್ದರು ಎಂದು ಕೇಳಿದರೆ ಬಹಳಷ್ಟು ಬಿಡಿಸಿಕೊಳ್ಳುತ್ತದೆ. ಕ್ರಿ.ಪೂ. 5ನೇ ಶತಮಾನದ ಅಥೆನ್ಸ್‌ನಲ್ಲಿ ಡಯೊನಿಸಸ್ ದೇವರ ಹಬ್ಬಕ್ಕೆ ಸೇರಿದ ಸಾವಿರಾರು ಜನ ಅಕ್ರೊಪೊಲಿಸ್ ಗುಡ್ಡದ ಇಳಿಜಾರಿನಲ್ಲಿ ಕೂತು ಹಾಡುಹಗಲಲ್ಲೇ ನಾಟಕ ನೋಡುತ್ತಿದ್ದರು. ಅಷ್ಟು ದೂರಕ್ಕೆ ಕಣ್ಣಂಚಿನ ಭಾವ ಕಾಣದು. ಮುಖವಾಡ, ಮೇಳದ ಹಾಡು ಕುಣಿತ, ಎತ್ತರದ ಮಾತುಗಳೇ ಅಲ್ಲಿಗೆ ಒಪ್ಪುವಂಥವು. ಲಂಡನ್ನಿನಲ್ಲಿ 1599ರಲ್ಲಿ ಎದ್ದ ಗ್ಲೋಬ್ ರಂಗಮಂದಿರದ ನಡುವಿನ ಅಂಗಳಕ್ಕೂ ಸೂರಿರಲಿಲ್ಲ, ಆಟ ಮಧ್ಯಾಹ್ನ. ‘ಹ್ಯಾಮ್ಲೆಟ್’ ಶುರುವಾಗುವುದಾದರೋ ನಡುರಾತ್ರಿಯ ಕೋಟೆಯ ಮೇಲೆ. ಆ ಕತ್ತಲನ್ನೂ ಚಳಿಯನ್ನೂ ಕಾವಲುಗಾರರ ಮಾತೇ ಕಟ್ಟಬೇಕಿತ್ತು. ಶೇಕ್ಸ್‌ಪಿಯರನ ಭಾಷೆಯ ಸಮೃದ್ಧಿಗೆ ಪ್ರತಿಭೆಯೊಂದೇ ಕಾರಣವೆಂದರೆ ಅದು ಅರ್ಧ ವಿವರಣೆ.

ರಂಗವನ್ನು ಬದಲಿಸುವುದು ರಾಜಕೀಯ, ಕಟ್ಟಡವಲ್ಲ ಎಂದು ಆಕ್ಷೇಪಿಸಬಹುದು. 1642ರಲ್ಲಿ ಇಂಗ್ಲೆಂಡಿನ ಸಂಸತ್ತು ನಾಟಕಗಳನ್ನು ನಿಲ್ಲಿಸಿದ್ದು ನಿಜವೇ. ಆದರೆ 1660ರ ನಂತರ ರಂಗ ಮರಳಿದಾಗ ಆ ತೆರೆದ ಅಂಗಳ ಮರಳಲಿಲ್ಲ. ಸೂರಿನಡಿಯ ಮೇಣದಬತ್ತಿಗಳು, ಬಣ್ಣದ ದೃಶ್ಯಫಲಕಗಳು ಬಂದವು, ಹೆಣ್ಣಿನ ಪಾತ್ರಕ್ಕೆ ಹೆಂಗಸರೇ ಬಂದರು. ಇಟಲಿಯಲ್ಲಿ, ಮುಖ್ಯವಾಗಿ ಪಾರ್ಮಾದ ಫಾರ್ನೆಸೆ ರಂಗಮಂದಿರದಲ್ಲಿ, ರೂಪುಗೊಂಡಿದ್ದ, ರಂಗವನ್ನು ಚಿತ್ರದಂತೆ ಸುತ್ತುವರಿಯುವ ಪ್ರೊಸೀನಿಯಂ ಚೌಕಟ್ಟು ಯುರೋಪಿಗೆಲ್ಲ ಹಬ್ಬಿತು. ರಾಜಕೀಯದ ಏಟು ಕೂಡ ನಾಟಕಕ್ಕೆ ತಟ್ಟಿದ್ದು ಕಟ್ಟಡದ ಮೂಲಕವೇ. ಆಗಲೂ ನೋಡುಗರು ಬೆಳಕಿನಲ್ಲೇ ಇದ್ದರು. ಪ್ಯಾರಿಸ್ಸಿನ ಕೊಮೆಡಿ ಫ್ರಾನ್ಸೇಸ್ ರಂಗಮಂದಿರದಲ್ಲಿ 1759ರವರೆಗೆ ಶ್ರೀಮಂತರು ರಂಗದ ಮೇಲೆಯೇ ಕೂರುತ್ತಿದ್ದರು. 1817ರಲ್ಲಿ ಲಂಡನ್ನಿನ ರಂಗಕ್ಕೆ ಗ್ಯಾಸ್ ದೀಪ ಬಂತು, 1881ರಲ್ಲಿ ಅಲ್ಲಿನ ಸವಾಯ್ ರಂಗಮಂದಿರಕ್ಕೆ ವಿದ್ಯುತ್ತು. ಈ ನಡುವೆ, 1876ರಲ್ಲಿ, ಜರ್ಮನಿಯ ಒಪೆರಾ ರಚನಕಾರ ವಾಗ್ನರ್ ತನ್ನ ಬೈರಾಯ್ಟ್ ರಂಗಮಂದಿರದಲ್ಲಿ ಪ್ರೇಕ್ಷಕರನ್ನು ಕತ್ತಲಲ್ಲಿ ಕೂರಿಸಿದ. ಉಸಿರು ಬಿಗಿಹಿಡಿದು ಕತ್ತಲಿಂದ ಬೆಳಕನ್ನು ನೋಡುವ, ನಾವು ಸಹಜವೆಂದುಕೊಂಡಿರುವ ಈ ಪದ್ಧತಿಗೆ ಇನ್ನೂ ಇನ್ನೂರು ವರ್ಷವೂ ಆಗಿಲ್ಲ.

ಇಬ್ಸೆನ್‌ನ ‘ಗೊಂಬೆಯ ಮನೆ’ (1879) ಹುಟ್ಟಿದ್ದು ಹೆಣ್ಣಿನ ಸ್ವಾತಂತ್ರ್ಯದ ಪ್ರಶ್ನೆಯಿಂದ, ದೀಪದಿಂದಲ್ಲ ಎನ್ನುವವರಿದ್ದಾರೆ. ಒಪ್ಪತಕ್ಕ ಮಾತು. ಆದರೆ ಅದೇ ಪ್ರಶ್ನೆಯನ್ನು ಗ್ರೀಕ್ ನಾಟಕಕಾರ ಯೂರಿಪಿಡಿಸ್ ‘ಮೀಡಿಯಾ’ದಲ್ಲಿ ಎತ್ತಿದಾಗ ಅದರ ನಾಯಕಿ ಮನೆಯಿಂದ ಹೊರಬಂದು ಕೊರಿಂತಿನ ಹೆಂಗಸರ ಮುಂದೆ ಮಾತಾಡಬೇಕಾಯಿತು, ಇಬ್ಸೆನ್‌ನ ನಾಯಕಿ ನೋರಾಳ ಮಾತು ಗಂಡನೆದುರು, ಮುಚ್ಚಿದ ಕೋಣೆಯಲ್ಲಿ. ಕಟ್ಟಡ ಪ್ರಶ್ನೆಯನ್ನು ಹುಟ್ಟಿಸುವುದಿಲ್ಲ, ಅದನ್ನು ಎಲ್ಲಿ ನಿಂತು ಕೇಳಬೇಕೆಂದು ತೀರ್ಮಾನಿಸುತ್ತದೆ. ಬ್ರೆಕ್ಟ್ ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದ. ಪ್ರೇಕ್ಷಕರು ಮೈಮರೆಯದೆ ವಿಚಾರ ಮಾಡಲೆಂದು ಅವನು ಸಂಭಾಷಣೆಯನ್ನಷ್ಟೇ ತಿದ್ದಲಿಲ್ಲ, ದೀಪಗಳನ್ನೂ ಕಣ್ಣಿಗೆ ಕಾಣುವಂತೆ ತೂಗುಹಾಕಿಸಿದ.

ಪ್ರೊಸೀನಿಯಂ ಚೌಕಟ್ಟು ಪಾರ್ಸಿ ಕಂಪನಿಗಳ ಮೂಲಕ ನಮ್ಮ ಕಂಪನಿ ನಾಟಕಗಳಿಗೂ ಬಂತು, ಅದರ ಬಣ್ಣದ ಪರದೆಗಳ ಸಮೇತ. ಹಾಗಾಗಿ ಕನ್ನಡದ ವಿದ್ಯಾರ್ಥಿಗೆ ಇದು ಪರದೇಶದ ಕತೆ ಮಾತ್ರವಲ್ಲ. ರಂಗಚರಿತ್ರೆ ಕಲಿಸುವ ಅಧ್ಯಾಪಕರು ನಾಟಕದ ಪಠ್ಯದ ಪಕ್ಕದಲ್ಲಿ ಅದನ್ನು ಮೊದಲು ಆಡಿದ ರಂಗಮಂದಿರದ ನಕ್ಷೆಯನ್ನೂ ಇಡಲಿ.