ಬೆಚ್ಚನೆಯ ಗಾಳಿಯ ಬೆನ್ನು ಹತ್ತಿ

ಮೋಟಾರು ಕಾರಿನೊಳಗೆ ಬಿಸಿಗಾಳಿ ತರಿಸುವುದಕ್ಕಾಗಿ ನಾನು ಒಂಬತ್ತು ತಿಂಗಳು ಅಲೆದೆನೆಂದರೆ ನಮ್ಮೂರಿನವರು ನಕ್ಕಾರು. ಏಪ್ರಿಲ್ ತಿಂಗಳ ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿನ ಬಾಗಿಲು ತೆರೆದು ನೋಡಿದವರಿಗೆ, ಅದನ್ನು ಹುಡುಕಿಕೊಂಡು ಹೋಗುವವನು ಬುದ್ಧಿ ಕೆಟ್ಟವನಂತೆಯೇ ಕಾಣಬೇಕು. ಆದರೆ ನಾನು ಹೇಳಹೊರಟಿರುವುದು ಇಂಗ್ಲೆಂಡಿನ ಲೀಡ್ಸ್ ನಗರದ ಮಾತು. ಉದ್ಯೋಗದ ನಿಮಿತ್ತ ಅಲ್ಲಿದ್ದಾಗ, 2010ರ ಜನವರಿಯಲ್ಲಿ, ನೆರೆಮನೆಯ ಹಿರಿಯರೊಬ್ಬರು ತಮ್ಮ 1958ರ ಮಾರಿಸ್ ಮೈನರ್ ಕಾರನ್ನು ನನ್ನ ವಶಕ್ಕೆ ಕೊಟ್ಟರು. ಅವರಿಗೆ ಎಂಬತ್ತು ಸಮೀಪಿಸಿತ್ತು, ಕಣ್ಣು ಮಂದವಾಗಿತ್ತು.

“ಹಣ ಬೇಡ. ಹೀಟರ್ ಕೆಟ್ಟು ಬಹಳ ವರ್ಷವಾಯಿತು. ಅದನ್ನು ಸರಿಮಾಡಿಸಿ ಒಮ್ಮೆ ನನ್ನನ್ನು ಕೂರಿಸಿಕೊಂಡು ಹೋಗಿ,” ಎಂದರು. ಇದೊಂದೇ ಅವರ ಷರತ್ತು.

ಸುಲಭವೆಂದುಕೊಂಡೆ. ಹೀಟರ್ ಎಂಬುದು ಮಹಾ ಯಂತ್ರವೇನಲ್ಲ. ಎಂಜಿನ್ನಿನಲ್ಲಿ ಸುತ್ತಿ ಬಿಸಿಯಾದ ನೀರಿನಲ್ಲಿ ಒಂದು ಪಾಲು ರಬ್ಬರ್ ಕೊಳವೆಯ ಮೂಲಕ ಒಂದು ಪುಟ್ಟ ರೇಡಿಯೇಟರಿಗೆ ಹರಿಯುತ್ತದೆ. ಒಂದು ಫ್ಯಾನು ಅದರ ಮೂಲಕ ಗಾಳಿಯನ್ನು ನೂಕುತ್ತದೆ. ಆ ಗಾಳಿ ಕಾಲನ್ನು ಬೆಚ್ಚಗಿಡುವುದಲ್ಲದೆ, ಮುಂದಿನ ಗಾಜಿಗೆ ಕಟ್ಟಿದ ಮಂಜನ್ನೂ ಕರಗಿಸುತ್ತದೆ. ಚಳಿನಾಡಿನಲ್ಲಿ ಮೊದಲನೆಯದು ಸುಖದ ಮಾತು. ಎರಡನೆಯದು ಪ್ರಾಣದ ಮಾತು. ನಮ್ಮ ಕಾರಿನಲ್ಲಿ ಐವತ್ತು ವರ್ಷ ದುಡಿದ ಪುಟ್ಟ ರೇಡಿಯೇಟರು ಸವೆದು ತೂತಾಗಿತ್ತು. ಫ್ಯಾನಿನ ಮೋಟಾರು ಬಿಗಿದುಕೊಂಡಿತ್ತು.

ಬಿಡಿಭಾಗದ ಅಂಗಡಿಗೆ ಹೋದೆ. “ಯಾವ ಹೀಟರ್?” ಎಂದರು. “1958ರ ಮಾರಿಸ್ ಮೈನರಿನದು,” ಎಂದೆ. “ಅದು ಉತ್ತರವಾಗಲಿಲ್ಲವಲ್ಲ!” ಎಂದು ಅಂಗಡಿಯವರು ನಕ್ಕರು. ಆ ನಗೆಯ ಅರ್ಥ ತಿಳಿಯಲು ನಾನು ಒಂದಿಷ್ಟು ಇತಿಹಾಸ ಓದಬೇಕಾಯಿತು.

ಮೋಟಾರು ಗಾಡಿಯ ಮೊದಲ ಕಾಲದಲ್ಲಿ ಅದಕ್ಕೆ ಮಾಡೇ ಇರುತ್ತಿರಲಿಲ್ಲ. ದಪ್ಪ ಕೋಟು, ಚರ್ಮದ ಕೈಗವಸು, ಮಂಡಿಯ ಮೇಲೊಂದು ಕಂಬಳಿ, ಇವೇ ಪ್ರಯಾಣಿಕರ ಹೀಟರ್. ಮಾಡು ಬಂದ ಮೇಲೂ ಕಂಬಳಿ ಹೋಗಲಿಲ್ಲ. ಅಲೆಕ್ ಇಸಿಗೋನಿಸ್ ರೂಪಿಸಿದ ಮಾರಿಸ್ ಮೈನರ್ 1948ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಜನರೆದುರು ಬಂದಾಗ ಅದಕ್ಕೆ ಹೀಟರ್ ಇರಲಿಲ್ಲ. ಇರುವುದಕ್ಕೆ ದಾರಿಯೂ ಇರಲಿಲ್ಲ. ಅದರ ಎಂಜಿನ್ನಿಗೆ ನೀರಿನ ಪಂಪೇ ಇಲ್ಲ. ನಮ್ಮ ಬಚ್ಚಲುಮನೆಯ ಹಂಡೆಯಲ್ಲಿ ಕಾದ ನೀರು ಮೇಲಕ್ಕೇರಿ ತಣ್ಣೀರು ಕೆಳಕ್ಕಿಳಿಯುವಂತೆ, ಅಲ್ಲಿಯೂ ನೀರು ತಾನಾಗಿಯೇ ಸುತ್ತುತ್ತಿತ್ತು. ಆ ಮಂದಗತಿ ಎಂಜಿನ್ನಿಗೆ ಸಾಕು. ನೀರನ್ನು ಹೀಟರಿನವರೆಗೆ ತಳ್ಳಲು ಸಾಲದು. 1950ರ ಕೊನೆಗೆ ಪಂಪು ಬಂದಿತು. ಆಮೇಲೆ ಕಂಪನಿ ಹೀಟರನ್ನು ಕೊಡತೊಡಗಿತು. ಕಾರಿನ ಜೊತೆಗಲ್ಲ, ಬೇಕೆಂದವರಿಗೆ, ಬೇರೆ ಹಣಕ್ಕೆ.

ಆ ಕಾಲ ಎಂಥದೆಂಬುದನ್ನು ನೆನೆಯಬೇಕು. ಯುದ್ಧ ಮುಗಿದಿದ್ದರೂ ಬ್ರಿಟನ್ನಿನಲ್ಲಿ ಆಹಾರದ ಪಡಿತರ 1954ರವರೆಗೆ ನಡೆಯಿತು. ತಯಾರಾದ ಕಾರುಗಳಲ್ಲಿ ಬಹುಪಾಲು ಹೊರದೇಶಕ್ಕೆ. ಕಾರು ಸಿಕ್ಕುವುದೇ ಭಾಗ್ಯವಾಗಿದ್ದಾಗ ಹೀಟರಿಗೆ ಹಣ ಹಾಕುವವರಾರು? ಕೆಲವರು ಕೊಳ್ಳುವಾಗಲೇ ಹಾಕಿಸಿದರು. ಕೆಲವರು ವರ್ಷಗಳ ಮೇಲೆ ಎಲ್ಲಿಯೋ ಒಂದು ಗ್ಯಾರೇಜಿನಲ್ಲಿ, ಬೇರೆ ತಯಾರಕರದನ್ನು ಹಾಕಿಸಿದರು. ಕೆಲವರು ಕಂಬಳಿಯಲ್ಲಿಯೇ ಕಾಲ ಕಳೆದರು. ಹೀಗಾಗಿ ಒಂದೇ ಕಾರ್ಖಾನೆಯಿಂದ ಒಂದೇ ವಾರ ಹೊರಟ ಎರಡು ಕಾರುಗಳ ಹೀಟರ್ ಒಂದೇ ಆಗಿರಬೇಕೆಂದಿಲ್ಲ. ಅಂದು ಕೊಳ್ಳುವವನಿಗೆ ಅನುಕೂಲವಾದದ್ದು ಇಂದು ಹುಡುಕುವವನಿಗೆ ಗಂಟಾಯಿತು.

ನನಗೆ ಊರಿನ ನೆನಪಾಯಿತು. ಇದೇ ಮೈನರನ್ನು ಹಿಂದುಸ್ತಾನ್ ಮೋಟಾರ್ಸ್‌ನವರು ಕಲ್ಕತ್ತೆಯ ಬಳಿ ಉತ್ತರಪಾರದಲ್ಲಿ ಜೋಡಿಸಿ ‘ಬೇಬಿ ಹಿಂದುಸ್ತಾನ್’ ಎಂದು ಮಾರಿದ್ದರು. 2014ರವರೆಗೂ ತಯಾರಾದ ಅಂಬಾಸಿಡರ್, ಇದರ ಅಣ್ಣ ಮಾರಿಸ್ ಆಕ್ಸ್‌ಫರ್ಡಿನ ಸಂತಾನ. ಮೈಸೂರಿನಲ್ಲಿ ನನ್ನ ಸೋದರಮಾವನ ಮನೆಯ ಮುಂದೆ ಒಂದು ಬೇಬಿ ನಿಂತಿರುತ್ತಿತ್ತು. ಆಸೆಯಿಂದ ಕಲ್ಕತ್ತೆಯ ಪರಿಚಿತರೊಬ್ಬರಿಗೆ ಬರೆದೆ. ಮಲ್ಲಿಕ್ ಬಜಾರಿನ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಅವರು ಉತ್ತರಿಸಿದರು: “ಬಾಗಿಲು ಬೇಕೆ, ಗೇರು ಬೇಕೆ, ಹೇಳಿ. ಹೀಟರ್ ಎಂದರೆ ಇಲ್ಲಿಯವರು ನನ್ನ ಮುಖ ನೋಡುತ್ತಾರೆ!”

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಮೋಟಾರು ಸಿಕ್ಕಿದರೆ ಅದರ ತಿರುಪು ಕೂರದು. ರೇಡಿಯೇಟರು ಸಿಕ್ಕಿದರೆ ಅದು ಡಬ್ಬಿಗೆ ಹಿಡಿಸದು. ಬೇಸತ್ತ ರಿಪೇರಿಯವನೊಬ್ಬ, “ಬ್ಯಾಟರಿಯಿಂದ ನಡೆಯುವ ಹೊಸದೊಂದನ್ನು ಹಾಕಿಬಿಡೋಣ,” ಎಂದ. ಇದನ್ನು ಹಿರಿಯರಿಗೆ ತಿಳಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: ಕಾರು ಕೊಂಡಾಗ ಹೀಟರಿಗೆ ಅವರ ಕೈಯಲ್ಲಿ ಹಣ ಉಳಿದಿರಲಿಲ್ಲ. ಮರುವರ್ಷದ ಚಳಿಗಾಲದಲ್ಲಿ ಮೊದಲ ಮಗು ಹುಟ್ಟಿತು. ಆಸ್ಪತ್ರೆಯಿಂದ ತಾಯಿ, ಮಗುವನ್ನು ಬೆಚ್ಚಗೆ ಮನೆಗೆ ತರಬೇಕೆಂದು ಗಿರಣಿಯಲ್ಲಿ ವಾರಗಟ್ಟಲೆ ಹೆಚ್ಚು ಹೊತ್ತು ದುಡಿದು ಈ ಹೀಟರ್ ಹಾಕಿಸಿದ್ದರು. ಹೆಂಡತಿ ತೀರಿಕೊಂಡಿದ್ದರು; ಮಗ ದೂರದೇಶದಲ್ಲಿದ್ದ. ನಾನು ಬ್ಯಾಟರಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಸೆಪ್ಟೆಂಬರಿನಲ್ಲಿ ದಕ್ಷಿಣದ ಬ್ಯೂಲಿ ಎಂಬ ಊರಿಗೆ ಹೋದೆ. ಅಲ್ಲಿ 1967ರಿಂದ ಹಳೆಯ ಮೋಟಾರು ಭಾಗಗಳ ಜಾತ್ರೆ ನಡೆಯುತ್ತ ಬಂದಿದೆ. ಬಯಲಿನ ತುಂಬ ತುಕ್ಕು. ತುಕ್ಕಿನ ನಡುವೆ ಮಂಡಿಯೂರಿದ ಭಕ್ತರು! ಒಂದೆಡೆ ಮೈನರಿನ ಹೊಚ್ಚಹೊಸ ಮಡ್‌ಗಾರ್ಡುಗಳನ್ನು ಕಂಡು ಬೆರಗಾದೆ. ಅವು ಶ್ರೀಲಂಕೆಯವು. ಬಾತ್ ನಗರದ ಚಾರ್ಲ್ಸ್ ವೇರ್ ಎಂಬವರ ಉತ್ಸಾಹದಿಂದ 1990ರ ದಶಕದಲ್ಲಿ ಅಲ್ಲಿ ಮೈನರಿನ ತಗಡಿನ ಭಾಗಗಳ ತಯಾರಿಕೆ ಆರಂಭವಾಗಿತ್ತು. ಹತ್ತು ಲಕ್ಷದ ಎಣಿಕೆ ದಾಟಿದ ಮೊದಲ ಬ್ರಿಟಿಷ್ ಕಾರಿನ ತಯಾರಿಕೆ 1971ರಲ್ಲಿ ನಿಂತುಹೋಗಿದ್ದರೂ, ತಯಾರಕರು ಕೈಬಿಟ್ಟದ್ದನ್ನು ಎಲ್ಲೆಲ್ಲಿಯವರೋ ಕೈಹಿಡಿದಿದ್ದರು.

ಮಧ್ಯಾಹ್ನದ ಹೊತ್ತಿಗೆ ನಮ್ಮ ಹೀಟರಿನದೇ ಅವಳಿ, ಒಂದು ದುಂಡು ಡಬ್ಬಿ, ಕಾಲಿಗೆ ತೊಡರಿತು. ಅದರ ರೇಡಿಯೇಟರೂ ತೂತು. ಆದರೆ ಮೋಟಾರು ತಿರುಗಿತು. ಲೀಡ್ಸಿನ ಮುದುಕ ಬೆಸುಗೆಗಾರರೊಬ್ಬರು ನಮ್ಮ ಹಳೆಯ ರೇಡಿಯೇಟರಿನ ಹಿತ್ತಾಳೆಯ ತುದಿಗಳನ್ನು ಉಳಿಸಿಕೊಂಡು ನಡುವೆ ಹೊಸ ತಿರುಳನ್ನು ಕೂರಿಸಿ ಬೆಸೆದರು. ಅದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಒಳಕ್ಕೆ ಗಾಳಿ ಬಿಟ್ಟರು. ಗುಳ್ಳೆಯೇಳಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆ ನಾನು ಹುಡುಗನಾಗಿದ್ದಾಗ ಕಂಡ ಪರೀಕ್ಷೆಯೇ ಅದು.

ಆ ವರ್ಷದ ಡಿಸೆಂಬರ್ ಬ್ರಿಟನ್ನಿನಲ್ಲಿ ನೂರು ವರ್ಷಗಳಲ್ಲೇ ಅತಿ ಚಳಿಯ ಡಿಸೆಂಬರ್. ಹಿಮ ಸರಿಸಿ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಎರಡು ಮೈಲಿ ಕಳೆಯುವಷ್ಟರಲ್ಲಿ ಕಾದ ಧೂಳಿನ ವಾಸನೆ ಬಂತು. ಗಾಜಿನ ಮೇಲೆ ಅಂಗೈಯಗಲದ ಬೆಳಕು ತೆರೆದು ಹಿಗ್ಗತೊಡಗಿತು. ಅವರು ಕೈಗವಸು ಕಳಚಿ ಗಾಳಿಗೆ ಬೆರಳೊಡ್ಡಿದರು. ಯಾವ ಆಸ್ಪತ್ರೆ, ಯಾವ ದಾರಿ ಎಂದು ನಾನು ಕೇಳಲಿಲ್ಲ. ಅವರು ತೋರಿದತ್ತ ತಿರುಗಿಸಿದೆ. ಸ್ವಲ್ಪ ಹೊತ್ತಾದ ಮೇಲೆ ತಮ್ಮ ಪಕ್ಕದ ಗಾಜನ್ನು ಒಂದಿಷ್ಟು ಇಳಿಸಿ, “ಆಗಲೂ ಹೀಗೆಯೇ. ಸೆಕೆಯಾಗುತ್ತದೆಂದು ಅವಳು ದಾರಿಯುದ್ದಕ್ಕೂ ಗೊಣಗಿದ್ದಳು,” ಎಂದರು.